ಓದು, ಸಂಸಾರ ಮತ್ತು ಕ್ಯಾಮೆರಾ: ಸಣ್ಣ ಫೋಟೊ ಕೆಲಸದ ನಿಜವಾದ ಲೆಕ್ಕ

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಎಂ.ಎ., ಎಂ.ಕಾಂ. ಓದುತ್ತಲೇ ಮದುವೆಯಾದ ಜೋಡಿಗಳು ಮೈಸೂರಿನಲ್ಲಿ ಕಡಿಮೆಯೇನಿಲ್ಲ. ಬೋಗಾದಿ ಕಡೆ ಒಂದು ಸಣ್ಣ ಬಾಡಿಗೆ ಮನೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಓದು ಮುಗಿಸಿ ಕೆಲಸ ಹುಡುಕುತ್ತಿರುತ್ತಾರೆ. ಕೆಲವು ಸಲ ಇಬ್ಬರೂ ಓದುತ್ತಿರುತ್ತಾರೆ. ಫೀಸು, ಬಾಡಿಗೆ, ಗ್ಯಾಸು ಯಾವುದೂ ಕಾಯುವುದಿಲ್ಲ. ಕೈಯಲ್ಲಿ ಒಂದು ಕ್ಯಾಮೆರಾ, ಮನಸ್ಸಿನಲ್ಲಿ ಆಸೆ ಇದ್ದರೆ "ನಾವೂ ಫೋಟೊ ಆರ್ಡರ್ ತಗೊಂಡರೆ ಹೇಗೆ?" ಎನ್ನುವ ಮಾತು ಬಂದೇ ಬರುತ್ತದೆ.

ಖಂಡಿತ ತಗೊಳ್ಳಬಹುದು. ಆದರೆ ಇಂಥ ಜೋಡಿಗಳು ಮೊದಲು ಕೇಳುವುದು "ಯಾವ ಕ್ಯಾಮೆರಾ ಕೊಳ್ಳಬೇಕು?" ಅಂತ. ಆ ಪ್ರಶ್ನೆ ಆಮೇಲೆ ಬರಲಿ. ವಾರಕ್ಕೆ ನಿಮ್ಮ ಹತ್ತಿರ ನಿಜವಾಗಿ ಎಷ್ಟು ಗಂಟೆ ಇದೆ ಎನ್ನುವುದು ಮೊದಲ ಪ್ರಶ್ನೆ. ಓದುವವರಿಗೂ ಹೊಸದಾಗಿ ಸಂಸಾರ ಹೂಡಿದವರಿಗೂ ಇರುವ ದೊಡ್ಡ ಬಂಡವಾಳ ಗಂಟೆಗಳೇ. ಅದನ್ನು ಎಣಿಸದೆ ರೇಟು ಹೇಳಿದವರು ವರ್ಷವಿಡೀ ದುಡಿದರೂ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಪಂಚಾಂಗ ಮತ್ತು ಪರೀಕ್ಷೆ

ನಮ್ಮ ಕಡೆ ಫೋಟೊ ಕೆಲಸ ಪಂಚಾಂಗದ ಪ್ರಕಾರ ನಡೆಯುತ್ತದೆ. ಯುಗಾದಿ ಕಳೆದ ಮೇಲೆ ವೈಶಾಖ, ಜ್ಯೇಷ್ಠದಲ್ಲಿ ಮದುವೆಗಳು ಜಾಸ್ತಿ. ಆಷಾಢ ಬಂದರೆ ಛತ್ರಗಳು ಖಾಲಿ. ಶ್ರಾವಣದಲ್ಲಿ ಮತ್ತೆ ಶುರು. ಪಿತೃಪಕ್ಷದಲ್ಲಿ ಶುಭಕಾರ್ಯ ಇಲ್ಲ. ಕಾರ್ತಿಕದಲ್ಲಿ ಕೆಲಸ ಚೆನ್ನಾಗಿರುತ್ತದೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಮತ್ತೆ ಬಿಡುವು. ಮಾಘ, ಫಾಲ್ಗುಣದಲ್ಲಿ ಇನ್ನೊಂದು ಸುತ್ತು.

ಈಗ ನಿಮ್ಮ ಸೆಮಿಸ್ಟರ್ ಕ್ಯಾಲೆಂಡರ್ ಪಕ್ಕಕ್ಕಿಟ್ಟು ನೋಡಿ. ಸಾಮಾನ್ಯವಾಗಿ ಶೇಕಡಾ 75 ಹಾಜರಾತಿ ಬೇಕು. ಮದುವೆ ಸೀಸನ್ನೂ ಸೆಮಿಸ್ಟರಿನ ಕೊನೆಯ ವಾರಗಳೂ ಒಂದರ ಮೇಲೊಂದು ಬಿದ್ದರೆ ಆ ವಾರಗಳಿಗೆ ಮೊದಲೇ ಕೆಂಪು ಗುರುತು ಹಾಕಿ. ಎಂಥ ಒಳ್ಳೆಯ ಪಾರ್ಟಿ (ಫೋಟೊ ತೆಗೆಸುವ ಮನೆಯವರು) ಬಂದರೂ ಆ ದಿನಗಳಿಗೆ ಅಡ್ವಾನ್ಸ್ ತಗೊಳ್ಳಬೇಡಿ. ಪರೀಕ್ಷೆ ತಪ್ಪಿದರೆ ಅದನ್ನು ಮತ್ತೆ ಬರೆಯುವ ಖರ್ಚು, ತಡವಾಗುವ ಡಿಗ್ರಿ, ಎರಡೂ ಮನೆಯವರ ಮಾತು, ಇವೆಲ್ಲ ಒಂದು ಮದುವೆ ಆರ್ಡರಿನ ದುಡ್ಡಿಗಿಂತ ದೊಡ್ಡವು.

ಮಂಡ್ಯ, ಮೈಸೂರು ಕಡೆಯ ಮದುವೆ ಒಂದು ದಿನದ ಕೆಲಸವೂ ಅಲ್ಲ. ಹಿಂದಿನ ಸಂಜೆ ರಿಸೆಪ್ಷನ್, ಮಾರನೇ ಬೆಳಗ್ಗೆ ಮುಹೂರ್ತ, ಆಮೇಲೆ ಬೀಗರ ಊಟ. ಕೆಲವು ಮನೆಗಳಲ್ಲಿ ಚಪ್ಪರ, ಅರಿಶಿನ, ಬಳೆ ಶಾಸ್ತ್ರಕ್ಕೂ ಫೋಟೊದವರು ಬೇಕು. ಇಡೀ ಮದುವೆ ಹಿಡಿದರೆ ಓದುವವರ ಒಂದು ವಾರ ಹೋಯಿತು. ಅದಕ್ಕೇ ನನ್ನ ಅಭಿಪ್ರಾಯ ಸ್ಪಷ್ಟ: ಮೊದಲ ವರ್ಷ ಮದುವೆಯನ್ನು ಸ್ವತಂತ್ರವಾಗಿ ಹಿಡಿಯಬೇಡಿ. ನಾಮಕರಣ, ಸೀಮಂತ, ಹುಟ್ಟುಹಬ್ಬ, ಗೃಹಪ್ರವೇಶ ಸಾಕು. ಮದುವೆಗಳಿಗೆ ಅನುಭವಸ್ಥರ ಜೊತೆ ಅಸಿಸ್ಟೆಂಟ್ ಆಗಿ ಹೋಗಿ. ಸಂಬಳ ಕಡಿಮೆ ಇರಬಹುದು, ಆದರೆ ಎಡಿಟಿಂಗ್, ಆಲ್ಬಂ, ಪಾರ್ಟಿಯ ಫೋನ್ ಯಾವುದೂ ನಿಮ್ಮ ತಲೆಯ ಮೇಲೆ ಇರುವುದಿಲ್ಲ. ಕೆಲಸ ಮುಗಿಯಿತು, ದುಡ್ಡು ಬಂತು, ಮನೆಗೆ ಬಂದು ಓದಬಹುದು.

ಒಂದು ನಾಮಕರಣದ ಲೆಕ್ಕ

ಎಲ್ಲರೂ ಎಡವುವುದು ರೇಟು ಹೇಳುವಾಗ. ಹಾಗಾಗಿ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು, ಮಾರ್ಕೆಟ್ ರೇಟು ಅಲ್ಲ. ನಿಮ್ಮ ಅಂಕಿ ಹಾಕಿ ಇದೇ ರೀತಿ ಮಾಡಿ.

ನೀವು ಮೈಸೂರಿನಲ್ಲಿದ್ದೀರಿ, ನಾಮಕರಣ ಮಂಡ್ಯದಲ್ಲಿದೆ. 8,000 ರೂಪಾಯಿಗೆ ಒಪ್ಪಿಕೊಂಡಿರಿ, ಅದರಲ್ಲಿ ಒಂದು ಆಲ್ಬಮ್ಮೂ ಸೇರಿದೆ. ನಾಲ್ಕು ಗಂಟೆಯ ಕೆಲಸಕ್ಕೆ 8,000 ಎಂದರೆ ಒಳ್ಳೆಯ ದುಡ್ಡು ಅನಿಸುತ್ತದೆ, ಅಲ್ವಾ?

ಗಂಟೆ ಎಣಿಸಿ. ಮನೆಯವರ ಜೊತೆ ಮಾತುಕತೆ 1, ಹೋಗಿ ಬರಲು 2, ಫೋಟೊ ತೆಗೆಯಲು 4, ಆರಿಸಲು 2, ಎಡಿಟಿಂಗಿಗೆ 5, ಆಲ್ಬಂ ಡಿಸೈನಿಗೆ 4, ತಲುಪಿಸಲು 1. ಒಟ್ಟು 19 ಗಂಟೆ.

ಖರ್ಚು ಎಣಿಸಿ. ಆಲ್ಬಂ 2,500, ಒಂದು ದಿನದ ಲೆನ್ಸ್ ಬಾಡಿಗೆ 700, ಓಡಾಟ 300, ಪೆನ್ ಡ್ರೈವ್ 300. ಒಟ್ಟು 3,800. ಇನ್ನೊಂದು ಖರ್ಚು ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಸಾಮಾನಿನ ಸವಕಲು. ಕ್ಯಾಮೆರಾ, ಫ್ಲಾಶ್, ಬ್ಯಾಟರಿ, ಕಾರ್ಡು ಸೇರಿ 90,000 ಅಂದುಕೊಳ್ಳಿ. ಮೂರು ವರ್ಷ ಬಾಳುತ್ತದೆ, ವರ್ಷಕ್ಕೆ 20 ಕೆಲಸ. ಒಟ್ಟು 60 ಕೆಲಸಕ್ಕೆ ಹಂಚಿದರೆ ಒಂದಕ್ಕೆ 1,500 ಬೀಳುತ್ತದೆ. ಅದನ್ನು ಎತ್ತಿಡದಿದ್ದರೆ ಮೂರು ವರ್ಷದ ನಂತರ ಹೊಸ ಕ್ಯಾಮೆರಾಕ್ಕೆ ಮತ್ತೆ ಸಾಲ.

8,000ದಲ್ಲಿ 3,800 ಮತ್ತು 1,500 ಕಳೆದರೆ ಉಳಿದದ್ದು 2,700. ಅದನ್ನು 19 ಗಂಟೆಗೆ ಹಂಚಿ. ಗಂಟೆಗೆ ಸುಮಾರು 142 ರೂಪಾಯಿ.

ಗಂಟೆಗೆ 250 ಬೇಕು ಎಂದು ನೀವು ನಿರ್ಧರಿಸಿದರೆ ರೇಟು ಎಷ್ಟಿರಬೇಕು? 19 ಗಂಟೆಗೆ 4,750, ಖರ್ಚು 3,800, ಸವಕಲು 1,500. ಒಟ್ಟು 10,050. ಹೊಸಬರಿಗೆ ಅಷ್ಟು ಕೊಡಲು ಮನೆಯವರು ಹಿಂದೆ ಮುಂದೆ ನೋಡಬಹುದು. ಆಗ ರೇಟು ಇಳಿಸುವ ಬದಲು ಕೆಲಸವನ್ನು ಇಳಿಸಿ. ಆಲ್ಬಂ ತೆಗೆದುಬಿಡಿ. ಖರ್ಚಿನಲ್ಲಿ 2,500 ಕಡಿಮೆ, ಗಂಟೆಯಲ್ಲಿ 4 ಕಡಿಮೆ. ಈಗ 7,000ಕ್ಕೆ ಒಪ್ಪಿಕೊಂಡರೂ ಖರ್ಚು 1,300 ಮತ್ತು ಸವಕಲು 1,500 ಕಳೆದು 4,200 ಉಳಿಯುತ್ತದೆ. 15 ಗಂಟೆಗೆ ಹಂಚಿದರೆ ಗಂಟೆಗೆ 280. ಪಾರ್ಟಿಗೆ ಸಾವಿರ ರೂಪಾಯಿ ಉಳಿತಾಯ, ನಿಮ್ಮ ಗಂಟೆಯ ಬೆಲೆ ಹತ್ತಿರ ಹತ್ತಿರ ಎರಡರಷ್ಟು. ಆಲ್ಬಂ ಬೇಕೆಂದವರಿಗೆ ಅದರ ರೇಟು ಬೇರೆ ಹೇಳಿ.

ಈ ಲೆಕ್ಕ ಒಂದು ಸಲ ಕೈಗೆ ಬಂದರೆ ಚೌಕಾಸಿಯ ಹೆದರಿಕೆ ಹೋಗುತ್ತದೆ. "ಇನ್ನೊಂದು ಸಾವಿರ ಬಿಡಿ" ಎಂದರೆ ಯಾವುದನ್ನು ಬಿಡಬಹುದು ಅಂತ ನಿಮಗೆ ಗೊತ್ತಿರುತ್ತದೆ.

ನೆಂಟರ ಪ್ರಶ್ನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊಸದಾಗಿ ಮದುವೆಯಾದವರಿಗೆ ನೆಂಟರು ಎರಡು ಪಾಲು. "ನಮ್ಮವರೇ ಅಲ್ವಾ, ಹಾಗೇ ಬಂದು ನಾಲ್ಕು ಫೋಟೊ ತೆಗೀರಿ" ಎನ್ನುತ್ತಾರೆ. ಅವರ ಮೇಲೆ ಕೋಪ ಬೇಡ. ನಮ್ಮಲ್ಲಿ ಮುಯ್ಯಿ ಎನ್ನುವ ಒಳ್ಳೆಯ ಪದ್ಧತಿ ಇದೆಯಲ್ಲ, ಅದನ್ನೇ ಹಿಡಿಯಿರಿ. ತೀರಾ ಹತ್ತಿರದವರ ಮನೆಯ ಫೋಟೊವನ್ನು ನಿಮ್ಮ ಮುಯ್ಯಿ ಎಂದೇ ಕೊಡಿ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಬರೆಯಿರಿ. ಬೇರೆ ಉಡುಗೊರೆ ಕೊಡಬೇಡಿ. ಯಾರಿಗೆಲ್ಲ ಹೀಗೆ ಎಂದು ಗಂಡ ಹೆಂಡತಿ ಮೊದಲೇ ಕೂತು ತೀರ್ಮಾನ ಮಾಡಿ, ಎರಡೂ ಕಡೆಯವರಿಗೆ ಒಂದೇ ಅಳತೆ ಇರಲಿ. ಇಲ್ಲದಿದ್ದರೆ ಜಗಳ ಶುರುವಾಗುವುದೇ ಇಲ್ಲಿ.

ದುಡ್ಡು ಕ್ಯಾಮೆರಾಕ್ಕಿಂತ ಲೆನ್ಸಿಗೆ

ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಲೆನ್ಸಿನ ವಿಷಯ ಮಾತ್ರ ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು.

ಕ್ಯಾಮೆರಾ ಜೊತೆ ಬರುವ ಸಾಮಾನ್ಯ ಝೂಮ್ ಲೆನ್ಸನ್ನು ಪೂರ್ತಿ ಝೂಮ್ ಮಾಡಿದಾಗ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿಯ ಅಳತೆ, ಸಾಮಾನ್ಯವಾಗಿ 5.6 ಇರುತ್ತದೆ. ಝೂಮ್ ಇಲ್ಲದ, 50 ಎಂಎಂನ ಅಗ್ಗದ ಸಿಂಗಲ್ ಲೆನ್ಸಿನಲ್ಲಿ ಅದು 1.8. ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. 5.6 ಅನ್ನು 1.8ರಿಂದ ಭಾಗಿಸಿ, ಬಂದ ಉತ್ತರವನ್ನು ಅದರಿಂದಲೇ ಗುಣಿಸಿದರೆ ಹತ್ತಿರ ಹತ್ತಿರ 10 ಬರುತ್ತದೆ. ಅಂದರೆ ಅಷ್ಟೇ ಹೊತ್ತಿನಲ್ಲಿ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಹಳೆಯ ಮನೆಯ ನಡುಮನೆಯಲ್ಲಿ, ಕಿಟಕಿಯ ಬೆಳಕಿನಲ್ಲಿ ತೊಟ್ಟಿಲು ಶಾಸ್ತ್ರ ನಡೆಯುವಾಗ ಈ ವ್ಯತ್ಯಾಸವೇ ಚಿತ್ರವನ್ನು ಉಳಿಸುತ್ತದೆ. ಮಲಗಿದ ಮಗುವಿನ ಮುಖಕ್ಕೆ ಫ್ಲಾಶ್ ಹೊಡೆಯುವ ಅಗತ್ಯವೂ ಇರುವುದಿಲ್ಲ.

ಛತ್ರದಲ್ಲಿ ಇನ್ನೊಂದು ತೊಂದರೆ. ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ಕ್ಯಾಮೆರಾ ಕೆಟ್ಟಿದೆ ಅಂತ ಹೊಸಬರು ಗಾಬರಿಯಾಗುತ್ತಾರೆ. ಕಾರಣ ಕರೆಂಟಿನಲ್ಲಿದೆ. ನಮ್ಮ ದೇಶದ ಕರೆಂಟು 50 ಹರ್ಟ್ಝ್. ಅದಕ್ಕೆ ತಕ್ಕಂತೆ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಬೆಳಕು ಬಿಡಲು ತೆರೆದು ಮುಚ್ಚುವ ಕ್ಯಾಮೆರಾದ ಶಟರಿಗೆ ಗೊತ್ತಾಗುತ್ತದೆ. ಶಟರ್ ವೇಗವನ್ನು ಸೆಕೆಂಡಿನ 100ನೇ ಒಂದು ಭಾಗಕ್ಕೋ 50ನೇ ಒಂದು ಭಾಗಕ್ಕೋ ಇಟ್ಟರೆ ಪೂರ್ತಿ ಮಿಣುಕು ಒಳಗೆ ಸಿಗುತ್ತದೆ, ಪಟ್ಟಿ ಹೋಗುತ್ತದೆ. ವೇದಿಕೆಯ ಹಿಂದೆ ಇಡುವ ದೊಡ್ಡ ಪರದೆಯ, ಅಂದರೆ ಎಲ್‌ಇಡಿ ವಾಲಿನ ಲೆಕ್ಕ ಬೇರೆ. ಅದಕ್ಕೆ ಕಾರ್ಯಕ್ರಮ ಶುರುವಾಗುವ ಮುಂಚೆ ಬೇಗ ಹೋಗಿ ಒಂದೆರಡು ವೇಗ ಪರೀಕ್ಷಿಸಿ ನೋಡುವುದೇ ದಾರಿ.

ಚಿತ್ರಗಳನ್ನು ಕಾಪಾಡುವುದು ತೆಗೆಯುವುದರಷ್ಟೇ ದೊಡ್ಡ ಕೆಲಸ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ (ಎಡಿಟ್ ಮಾಡದ ಕಚ್ಚಾ) ಫೈಲ್ ಸಾಮಾನ್ಯವಾಗಿ 25ರಿಂದ 30 ಎಂಬಿ ಇರುತ್ತದೆ. 1,500 ಚಿತ್ರ ಎಂದರೆ 40 ಜಿಬಿ ಹತ್ತಿರ. ಮನೆಗೆ ಬಂದ ರಾತ್ರಿಯೇ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ. ಎರಡೂ ಕಡೆ ತೆರೆದು ನೋಡಿ, ಆಮೇಲಷ್ಟೇ ಕಾರ್ಡ್ ಅಳಿಸಿ. ಒಂದು ಡಿಸ್ಕು ತವರು ಮನೆಯಲ್ಲೋ ಗೆಳೆಯರ ಮನೆಯಲ್ಲೋ ಇರಲಿ. ಮಾಂಗಲ್ಯಧಾರಣೆಯನ್ನು ಮತ್ತೊಮ್ಮೆ ನಡೆಸಿ ಅಂತ ಯಾರನ್ನೂ ಕೇಳಲಾಗದು.

ಸಾಲದ ಬಗ್ಗೆ ಒಂದು ಮಾತು. ಕೇಂದ್ರದ ಮುದ್ರಾ ಯೋಜನೆ 2015ರಲ್ಲಿ ಶುರುವಾದದ್ದು. ಅದರ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಾಲ ಕೇಳಬಹುದು. ಅದರ ಮೇಲೆ 5 ಲಕ್ಷದವರೆಗೆ ಕಿಶೋರ ವಿಭಾಗ. ಆದರೆ 60,000 ರೂಪಾಯಿಯನ್ನು ಶೇಕಡಾ 12ರ ಬಡ್ಡಿಗೆ ಎರಡು ವರ್ಷಕ್ಕೆ ತಗೊಂಡರೆ ತಿಂಗಳ ಕಂತು 2,800 ರೂಪಾಯಿ ದಾಟುತ್ತದೆ. ಆಷಾಢದಲ್ಲೂ ಅದು ಬರುತ್ತದೆ, ಧನುರ್ಮಾಸದಲ್ಲೂ ಬರುತ್ತದೆ. ಕೆಲಸವಿಲ್ಲದ ಮೂರು ತಿಂಗಳ ಕಂತು ಮೊದಲೇ ಕೈಯಲ್ಲಿ ಇದ್ದರೆ ಮಾತ್ರ ಸಾಲಕ್ಕೆ ಕೈ ಹಾಕಿ. ಅಲ್ಲಿಯವರೆಗೆ ಬಾಡಿಗೆ ಸಾಮಾನು ಸಾಕು.

ಕಲಿಯುವುದು ಎಲ್ಲಿ?

ಕಲಿಕೆಗೆ ಮೈಸೂರು ಅದೃಷ್ಟದ ಊರು. ಪೂರ್ತಿ ಕೋರ್ಸ್ ಬೇಕೆಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ. ಎಲ್ಲರೂ 'ಕಾವಾ' ಅನ್ನುವುದು ಇದನ್ನೇ. ಅಲ್ಲಿ ಛಾಯಾಚಿತ್ರ ಮತ್ತು ಫೋಟೊ ಪತ್ರಿಕೋದ್ಯಮವೂ ಒಂದು ವಿಷಯ. ಅಷ್ಟು ಸಮಯ ಇಲ್ಲದವರು ರುಡ್‌ಸೆಟ್ ಸಂಸ್ಥೆಯಲ್ಲಿ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಈ ಸಂಸ್ಥೆ ಊಟ, ವಸತಿ ಸಮೇತ ಉಚಿತವಾಗಿ ಸ್ವಉದ್ಯೋಗ ತರಬೇತಿ ಕೊಡುತ್ತದೆ. ಮೈಸೂರಿನಲ್ಲೂ ಅದರ ಕೇಂದ್ರ ಇದೆ. ಇಂಥ ಸಂಸ್ಥೆಗಳ ತರಬೇತಿಗಳಲ್ಲಿ ಫೋಟೊ ಮತ್ತು ವಿಡಿಯೊ ಕೂಡ ಸೇರಿದೆ. ಕ್ಯಾಮೆರಾ ಹಿಡಿಯುವುದರ ಜೊತೆಗೆ ಲೆಕ್ಕ ಬರೆಯುವುದು, ಬ್ಯಾಂಕಿನ ಜೊತೆ ವ್ಯವಹರಿಸುವುದನ್ನೂ ಕಲಿಸುವುದರಿಂದ ನನಗೆ ಇದರ ಮೇಲೆ ವಿಶೇಷ ಗೌರವ.

ಜನರಿಗೆ ತೋರಿಸಲು ನಿಮ್ಮ ಕೈಯಲ್ಲಿ ಒಂದಿಷ್ಟು ಚಿತ್ರ ಬೇಕು. ಅದಕ್ಕೆ ಮಾಡೆಲ್‌ಗಳನ್ನು ಕರೆಯಬೇಕಿಲ್ಲ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನು, ಮಕ್ಕಳ ಮುಖಗಳನ್ನು ತೆಗೆದೇ ದೇಶಕ್ಕೆ ಹೆಸರಾದವರು. 1977ರಲ್ಲಿ ಪದ್ಮಶ್ರೀ ಬಂತು. ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಮಂಡ್ಯದ ಆಲೆಮನೆಯ ಹೊಗೆ ಮತ್ತು ಬೆಳಕು, ಪಕ್ಕದ ಮನೆಯ ಅಜ್ಜಿ, ಇವು ಯಾವ ಸ್ಟುಡಿಯೊಗೂ ಕಡಿಮೆ ಇಲ್ಲ. ಸುಮ್ನೆ ಕೇಳಿ, ಒಪ್ಪಿಗೆ ತಗೊಂಡು ತೆಗೆಯಿರಿ. ಅವರಿಗೆ ಒಂದು ಪ್ರಿಂಟ್ ಕೊಡಿ. ಮೊದಲ ಆರ್ಡರ್ ಎಷ್ಟೋ ಸಲ ಆ ಪ್ರಿಂಟ್ ನೋಡಿದವರಿಂದಲೇ ಬರುತ್ತದೆ.

ಹೊರಗಿನ ಫೋಟೊ, ಅನುಮತಿ ಮತ್ತು ನೀರು

ಮದುವೆಗೆ ಮುಂಚಿನ ಜೋಡಿ ಫೋಟೊಗಳಿಗೆ ಇಲ್ಲಿ ಜಾಗಕ್ಕೆ ಬರ ಇಲ್ಲ. ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಮೇಲುಕೋಟೆಯ ಕಲ್ಯಾಣಿ ಮತ್ತು ರಾಯಗೋಪುರ, ಸೋಮನಾಥಪುರ. ಆದರೆ ಒಂದೊಂದು ಜಾಗಕ್ಕೂ ಒಂದೊಂದು ಒಡೆತನ. ಸೋಮನಾಥಪುರದ ಕೇಶವ ದೇವಾಲಯ, ಶ್ರೀರಂಗಪಟ್ಟಣದ ದರಿಯಾ ದೌಲತ್ ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿವೆ. ಕೈಯಲ್ಲಿ ಹಿಡಿದು ಫೋಟೊ ತೆಗೆಯುವುದು ಬೇರೆ, ಟ್ರೈಪಾಡ್, ಲೈಟು ಇಟ್ಟು ದುಡ್ಡಿಗಾಗಿ ಶೂಟ್ ಮಾಡುವುದು ಬೇರೆ. ಎರಡನೆಯದಕ್ಕೆ ಮೊದಲೇ ಅನುಮತಿ ಬೇಕು. ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ಮೊದಲು ಹೋಗಿ ಕೇಳಿ, ಆಮೇಲೆ ಪಾರ್ಟಿಗೆ ಮಾತು ಕೊಡಿ.

ನೀರಿನ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವಾಗ ತೆಪ್ಪ ಮಗುಚಿ ಒಂದು ಜೋಡಿ ಕಾವೇರಿಯಲ್ಲಿ ಪ್ರಾಣ ಬಿಟ್ಟಿತು. ಬಲಮುರಿ, ಎಡಮುರಿ, ಸಂಗಮ ಎಲ್ಲೇ ಆಗಲಿ ಕಲ್ಲು ಜಾರುತ್ತದೆ, ಸೆಳೆತ ಮೇಲೆ ಕಾಣುವುದಿಲ್ಲ. ದಡದ ಮೇಲಿನಿಂದ ಆಗುವಷ್ಟು ಫೋಟೊ ಸಾಕು. ನೀರಿಗೆ ಇಳಿಯೋಣ ಎಂದು ಪಾರ್ಟಿಯವರೇ ಕೇಳಿದರೂ ಬೇಡ ಎನ್ನುವುದು ನಿಮ್ಮ ಕೆಲಸದ ಭಾಗ.

ಡ್ರೋನ್ ಬೇಕು ಅಂತ ಈಗ ಹಳ್ಳಿಯ ಮದುವೆಯಲ್ಲೂ ಕೇಳುತ್ತಾರೆ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂಗಿಂತ ಭಾರದ ಡ್ರೋನನ್ನು ದುಡ್ಡಿನ ಕೆಲಸಕ್ಕೆ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಎಲ್ಲೆಲ್ಲಿ ಹಾರಿಸಬಾರದು ಎಂಬ ನಕ್ಷೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ಸಿಗುತ್ತದೆ. ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣ ಇರುವುದರಿಂದ ಮೈಸೂರಿನಲ್ಲಿ ಇದನ್ನು ನೋಡದೆ ಹಾರಿಸುವುದು ಅಪಾಯ. ಪ್ರಮಾಣಪತ್ರ ಇರುವವರನ್ನೇ ಆ ದಿನಕ್ಕೆ ಕರೆಸಿಕೊಳ್ಳಿ.

ಒಂದು ಹಾಳೆಯ ಒಪ್ಪಂದ

ನೀವು ತೆಗೆದ ಫೋಟೊ ಯಾರದು? ನಮ್ಮದೇ ಅಂತ ಫೋಟೊಗ್ರಾಫರ್‌ಗಳು ನಂಬಿರುತ್ತಾರೆ. ಕಾನೂನು ಬೇರೆ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ತಮಗಾಗಿ ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಅದರ ಮೊದಲ ಹಕ್ಕುದಾರರು ತೆಗೆಸಿದವರೇ. ಅಂದರೆ ನಾಮಕರಣದ ಚಿತ್ರವನ್ನು ನಿಮ್ಮ ಇನ್‌ಸ್ಟಾಗ್ರಾಂ ಪುಟಕ್ಕೆ ಹಾಕುವ ಹಕ್ಕು ತಾನಾಗಿ ನಿಮಗೆ ಬರುವುದಿಲ್ಲ. ಕೇಳಿ, ಬರೆಸಿಕೊಳ್ಳಿ. ಮಕ್ಕಳ ಚಿತ್ರವಾದರೆ ಇನ್ನೂ ಎಚ್ಚರ. "ಬೇಡ" ಎಂದವರ ಮಾತಿಗೆ ಗೌರವ ಕೊಡಿ, ಅದಕ್ಕಾಗಿ ರೇಟು ಏರಿಸಬೇಡಿ.

ಒಪ್ಪಂದ ಎಂದರೆ ದೊಡ್ಡ ಪತ್ರ ಬೇಕಿಲ್ಲ. ಕನ್ನಡದಲ್ಲಿ ಒಂದು ಹಾಳೆ ಸಾಕು. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಎಷ್ಟು ಚಿತ್ರ ಎಡಿಟ್ ಮಾಡಿ ಕೊಡುತ್ತೀರಿ, ಯಾವ ತಾರೀಖಿಗೆ, ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ, ಕಾರ್ಯಕ್ರಮ ಮುಂದೆ ಹೋದರೆ ಅಡ್ವಾನ್ಸ್ ಏನಾಗುತ್ತದೆ. ಸಹಿ ಹಾಕಲು ಮುಜುಗರ ಎನ್ನುವ ಮನೆಗಳಿವೆ. ಅಂಥವರಿಗೆ ಅದನ್ನೇ ವಾಟ್ಸಾಪಿನಲ್ಲಿ ಕಳಿಸಿ "ಸರಿ" ಎಂಬ ಉತ್ತರ ತರಿಸಿಕೊಳ್ಳಿ. ಚಿತ್ರ ಕೊಡುವ ತಾರೀಖು ಹಾಕುವಾಗ ನಿಮ್ಮ ಇಂಟರ್ನಲ್ ಟೆಸ್ಟುಗಳನ್ನು ನೆನಪಿಡಿ. ಹದಿನೈದು ದಿನ ಎಂದು ಹೇಳಿ ತಿಂಗಳು ಮಾಡುವುದಕ್ಕಿಂತ, ತಿಂಗಳು ಎಂದು ಹೇಳಿ ಇಪ್ಪತ್ತು ದಿನಕ್ಕೆ ಕೊಡುವುದು ಒಳ್ಳೆಯದು.

ಕಾಗದ ಪತ್ರ

ಇದು ಜನ ಹೆದರುವಷ್ಟು ಕಷ್ಟ ಇಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ ಕೇಂದ್ರದ ಉದ್ಯಮ್ ನೋಂದಣಿ 2020ರ ಜುಲೈನಿಂದ ಆನ್‌ಲೈನಿನಲ್ಲಿದೆ. ಆಧಾರ್, ಪ್ಯಾನ್ ಇದ್ದರೆ ಆಯಿತು. ಒಂದು ಪೈಸೆ ಶುಲ್ಕ ಇಲ್ಲ, ದುಡ್ಡು ಕೇಳುವವರನ್ನು ನಂಬಬೇಡಿ. ಸೇವೆಯ ಕೆಲಸಕ್ಕೆ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ಮನೆಯಿಂದಲೇ ಕೆಲಸ ಮಾಡುವವರಿಗೆ ಮೊದಲ ವರ್ಷ ಅದರ ಚಿಂತೆ ಬೇಡ. ಅಂಗಡಿ ತೆರೆದರೆ ಮಾತ್ರ ಪಾಲಿಕೆಯ ಟ್ರೇಡ್ ಲೈಸೆನ್ಸ್, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ, ಎರಡೂ ಬೇಕಾಗುತ್ತವೆ. ಓದು ಮುಗಿಯುವ ಮುಂಚೆ ಅಂಗಡಿ ಬೇಡವೆಂದೇ ನನ್ನ ಸಲಹೆ.

ಗಂಡ ಹೆಂಡತಿ ಕೆಲಸ ಹಂಚಿಕೊಳ್ಳುವುದು

ಜೋಡಿಯಾಗಿ ಕೆಲಸ ಮಾಡುವುದರಲ್ಲಿ ಒಂದು ನಿಜವಾದ ಲಾಭ ಇದೆ. ಸೀಮಂತದಲ್ಲಿ, ಹೆಣ್ಣಿನ ಅಲಂಕಾರದ ಕೋಣೆಯಲ್ಲಿ, ಬಾಣಂತಿಯ ಪಕ್ಕದಲ್ಲಿ ಹೆಣ್ಣುಮಗಳ ಕೈಯಲ್ಲಿ ಕ್ಯಾಮೆರಾ ಇದ್ದರೆ ಮನೆಯವರು ನಿರಾಳವಾಗಿರುತ್ತಾರೆ. ಮುಂದೆ ಮದುವೆ ಹಿಡಿದಾಗ ಒಬ್ಬರು ಹೆಣ್ಣಿನ ಕಡೆ, ಒಬ್ಬರು ಗಂಡಿನ ಕಡೆ. ಅಂತರಪಟ ಸರಿದು ಜೀರಿಗೆ ಬೆಲ್ಲ ಬೀಳುವ ಗಳಿಗೆಯಲ್ಲಿ ಒಬ್ಬರು ಮುಂದೆ ನಿಂತರೆ, ಇನ್ನೊಬ್ಬರು ಅಪ್ಪ ಅಮ್ಮನ ಮುಖ ಹಿಡಿಯಬಹುದು. ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ, ಮೈಸೂರು ಮಂಡ್ಯ ಓಡಾಟದ ಖರ್ಚು ಅಷ್ಟರ ಮಟ್ಟಿಗೆ ಕಡಿಮೆ. ರಾತ್ರಿ ತಡವಾಗುವ ಕೆಲಸಕ್ಕೆ ಮಾತ್ರ ಹಿಂದಿರುಗುವ ಗಾಡಿ ಮೊದಲೇ ಗೊತ್ತು ಮಾಡಿ, ಅದರ ದುಡ್ಡನ್ನು ರೇಟಿನಲ್ಲಿ ಸೇರಿಸಿ.

ಇಬ್ಬರಲ್ಲಿ ಒಬ್ಬರ ಹೆಸರಷ್ಟೇ ಹೊರಗೆ ಕಾಣುವುದು, ಇನ್ನೊಬ್ಬರು ರಾತ್ರಿ ಕೂತು ಎಡಿಟಿಂಗ್, ಫೋನ್, ಲೆಕ್ಕ ಎಲ್ಲ ಮಾಡುವುದು, ಇದು ಸರಿಯಲ್ಲ. ಹೀಗೆ ಮರೆಯಾಗುವ ದುಡಿಮೆ ಹೆಚ್ಚಾಗಿ ಹೆಂಡತಿಯದು. ಮೇಲಿನ 19 ಗಂಟೆಯ ಲೆಕ್ಕದಲ್ಲಿ ಯಾರು ಎಷ್ಟು ಗಂಟೆ ಮಾಡಿದರು ಎಂದು ಬರೆಯಿರಿ, ಉಳಿದ ದುಡ್ಡನ್ನು ಅದೇ ಪ್ರಮಾಣದಲ್ಲಿ ಇಬ್ಬರ ಖಾತೆಗೂ ಹಾಕಿ. ಕೆಲಸದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ, ಅದಕ್ಕೇ ಯುಪಿಐ. ಮನೆ ದಿನಸಿ ಆ ಖಾತೆಯಿಂದ ಬೇಡ. ಸವಕಲಿನ 1,500 ಅಲ್ಲೇ ಇರಲಿ.

ಎರಡು ಸೆಮಿಸ್ಟರ್ ಆದ ಮೇಲೆ ಪುಸ್ತಕ ತೆರೆದು ಮೂರು ಅಂಕಿ ನೋಡಿ: ಗಂಟೆಗೆ ಎಷ್ಟು ಉಳಿಯಿತು, ಹಾಜರಾತಿ ಎಷ್ಟಿದೆ, ಹಳೆಯ ಪಾರ್ಟಿಗಳ ಮಾತಿನಿಂದ ಬಂದ ಹೊಸ ಆರ್ಡರ್ ಎಷ್ಟು. ಮೂರನೆಯದು ಏರುತ್ತಿದ್ದು ಮೊದಲನೆಯದು ನಿಂತಲ್ಲೇ ಇದ್ದರೆ ರೇಟು ಏರಿಸುವ ಹೊತ್ತು ಬಂದಿದೆ. ಹಾಜರಾತಿ ಇಳಿದಿದ್ದರೆ ಮುಂದಿನ ಸೆಮಿಸ್ಟರಿನಲ್ಲಿ ಆರ್ಡರ್ ಅರ್ಧ ಮಾಡಿ, ರಜೆಯಲ್ಲಿ ಮತ್ತೆ ಹಿಡಿಯಿರಿ.